ಹಳ್ಳದ ದಂಡೆಯ ಸಿಳ್ಳೆ

ಇವತ್ತು ಆಗುಂಬೆಗೆ ಹೋಗೋಣ ಬನ್ನಿ. ಸೂರ್ಯಾಸ್ತ ನೋಡುವ ಕಟ್ಟೆಗಲ್ಲ, ಕಾಡಿನೊಳಗಿನ ಒಂದು ಹಳ್ಳಕ್ಕೆ. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಹೊಯ್ಯುವ ಊರಿದು. ಇಲ್ಲಿ ಹಳ್ಳಗಳಿಗೇನು ಬರ!

ಜೂನ್ ತಿಂಗಳ ನಸುಕು, ಇನ್ನೂ ಬೆಳಕು ಹರಿದಿಲ್ಲ. ಯಾರೋ ಹುಡುಗ ಸಿಳ್ಳೆ ಹಾಕುತ್ತಾ ಹೋಗುತ್ತಿದ್ದಾನೆ. ರಾಗ ಏರುತ್ತದೆ, ಮರೆತಂತೆ ನಡುವೆಯೇ ನಿಲ್ಲುತ್ತದೆ, ಮತ್ತೆ ಇನ್ನೆಲ್ಲಿಂದಲೋ ಶುರುವಾಗುತ್ತದೆ. ಹೊಸಬರು ಟಾರ್ಚ್ ಬಿಟ್ಟು ಹುಡುಕುತ್ತಾರೆ. ಅದು ಹುಡುಗನಲ್ಲ, ಸರಳೆ ಸಿಳ್ಳಾರ ಎಂಬ ಹಕ್ಕಿ. ಪಶ್ಚಿಮ ಘಟ್ಟದುದ್ದಕ್ಕೂ, ಮಧ್ಯ ಭಾರತದ ಕೆಲವು ಬೆಟ್ಟಗಳಲ್ಲೂ ಇದೆ. ಭಾರತದ ಆಚೆ ಎಲ್ಲೂ ಇಲ್ಲ.

ನೆರಳಲ್ಲಿ ಕೂತರೆ ಬರೀ ಕಪ್ಪು. ಎಲೆಗಳ ಸಂದಿನಿಂದ ಒಂದೆಳೆ ಬಿಸಿಲು ಬಿದ್ದರೆ ಹಣೆ, ಹೆಗಲು ಫಳ್ಳನೆ ನೀಲಿ ಹೊಳೆಯುತ್ತವೆ. ಕಲ್ಲಿನಿಂದ ಕಲ್ಲಿಗೆ ಕುಪ್ಪಳಿಸಿ ಏಡಿಯೊಂದನ್ನು ಕೊಕ್ಕಿನಲ್ಲಿ ಹಿಡಿಯಿತೆನ್ನಿ, ಬಂಡೆಗೆ ಟಪಟಪ ಬಡಿದು ಹಣ್ಣು ಮಾಡಿಯೇ ನುಂಗುತ್ತದೆ. ಕಪ್ಪೆ, ಬಸವನಹುಳು, ಎರೆಹುಳು, ಕಾಡುಹಣ್ಣುಗಳೂ ಆದೀತು.

ಗೂಡಂತೂ ನೋಡಲೇಬೇಕು. ಪಾಚಿ, ಬೇರು, ಕೆಸರು ಸೇರಿಸಿದ ಬಟ್ಟಲನ್ನು ನೀರಿನ ಪಕ್ಕದ ಬಂಡೆಯ ಚಾಚಿನ ಮೇಲೆ, ಕೆಲವೊಮ್ಮೆ ಧುಮ್ಮಿಕ್ಕುವ ನೀರಿನ ಹಿಂದೆಯೇ ಕೂರಿಸುತ್ತದೆ. ಮೊಟ್ಟೆ ಎರಡರಿಂದ ನಾಲ್ಕು, ಕಾವು 16–17 ದಿನ. ನಾವು ಕಂಬಳಿ ಹೊದ್ದು ಕೂರುವ ಮಳೆಯಲ್ಲೇ ಅದಕ್ಕೆ ಬಾಣಂತನ.

ಅಳಿವಿನಂಚಿನ ಪಟ್ಟಿಯಲ್ಲಿ ಈ ಹಕ್ಕಿ ಇಲ್ಲ ಎನ್ನುವುದು ಸಮಾಧಾನ. ಆದರೆ ಅದರ ಅನ್ನ ಇರುವುದು ಹಳ್ಳದಲ್ಲಿ. ಬೇಸಿಗೆಯಲ್ಲಿ ಪಂಪು ಹಚ್ಚಿ ಗುಂಡಿ ಬತ್ತಿಸಿದರೆ, ರಸ್ತೆ ಅಗೆದ ಮಣ್ಣನ್ನು ಹಳ್ಳಕ್ಕೇ ನೂಕಿದರೆ ಏಡಿ ಎಲ್ಲಿ ಉಳಿದೀತು? ಅಡಿಕೆ ಬೆಳೆಗಾರರಲ್ಲಿ ಒಂದು ಮಾತು. ಕೊಳೆರೋಗಕ್ಕೆ ಔಷಧಿ ಹೊಡೆಯದಿದ್ದರೆ ಕೊನೆ ಉಳಿಯುವುದಿಲ್ಲ, ಒಪ್ಪಿದೆ. ಆದರೆ ಮೈಲುತುತ್ತ ಕಲಸಿದ ಡ್ರಮ್ಮನ್ನು ಹಳ್ಳದಲ್ಲಿ ತೊಳೆಯಬೇಡಿ. ಅದರಲ್ಲಿರುವ ತಾಮ್ರ ಮೀನಿಗೂ ಬಸವನಹುಳುವಿಗೂ ವಿಷ. ತೋಟದಲ್ಲೇ ತೊಳೆದು ಚೆಲ್ಲಿ, ದಯವಿಟ್ಟು.

ಆಗುಂಬೆಗೆ ಬಂದರೆ ಒಂದು ರಾತ್ರಿ ಉಳಿಯಿರಿ. ಕೋಳಿ ಕೂಗುವ ಮೊದಲೇ ಎದ್ದು ಜಗಲಿಯಲ್ಲಿ ಕೂತು, ದೀಪ ಆರಿಸಿ, ಹಳ್ಳದ ಕಡೆ ಕಿವಿಗೊಡಿ.