ತೋಟದ ಉಪಕರಣ ಯಾರ ಮಾತು ಕೇಳಬೇಕು?



ಕೆಲವು ವರ್ಷಗಳ ಹಿಂದೆ ನಮ್ಮ ಅಡಿಕೆ ತೋಟದ ಮಣ್ಣಿನ ತೇವವನ್ನು ಅಳೆಯಲು ನಾಲ್ಕು ನಿಸ್ತಂತು ಸಂವೇದಕಗಳನ್ನು ಹೂಳಿಸಿದೆ. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಅವುಗಳ ಮಾಹಿತಿಯನ್ನು ಸಂಗ್ರಹಿಸುವ ಪೆಟ್ಟಿಗೆ ಕೆಟ್ಟಿತು. ಮಾರಿದವರು ಆ ಮಾದರಿಯ ತಯಾರಿಕೆಯನ್ನೇ ನಿಲ್ಲಿಸಿದ್ದರು. ಸಂವೇದಕಗಳು ಸುಸ್ಥಿತಿಯಲ್ಲಿದ್ದವು, ಬ್ಯಾಟರಿಯೂ ಮುಗಿದಿರಲಿಲ್ಲ. ಆದರೆ ಅವುಗಳ ಮಾತನ್ನು ಅರಿಯಬಲ್ಲ ಇನ್ನೊಂದು ಪೆಟ್ಟಿಗೆ ದೊರೆಯಲಿಲ್ಲ. ಆ ಮೌನದ ಕಾರಣವನ್ನು ಕುರಿತು ಇಂದು ಮಾತನಾಡಬಯಸುತ್ತೇನೆ.

ಇಂತಹ ಉಪಕರಣ ದಿನದ ಬಹುಪಾಲು ನಿದ್ರಿಸುತ್ತದೆ. ಕ್ಷಣಮಾತ್ರ ಎಚ್ಚೆತ್ತು, ಅಳತೆಯನ್ನು ಕಳುಹಿಸಿ ಮತ್ತೆ ನಿದ್ರೆಗೆ ಜಾರುತ್ತದೆ. ಆದುದರಿಂದಲೇ ಚಿಕ್ಕ ಬ್ಯಾಟರಿ ದೀರ್ಘಕಾಲ ಬಾಳುತ್ತದೆ. ದನಿ ತಲಪುವುದು ಹತ್ತಾರು ಮೀಟರ್ ಮಾತ್ರ. ಮಳೆಯಲ್ಲಿ ತೊಯ್ದ ಎಲೆಗಳು ಅದನ್ನೂ ಕುಗ್ಗಿಸುತ್ತವೆ. ದೂರ ಸಾಗಿಸಲು ನಡುವೆ ದಾಟಿಸುವ ಉಪಕರಣಗಳು ಬೇಕು. ಅವು ಸಾಮಾನ್ಯವಾಗಿ ಸದಾ ಎಚ್ಚರವಾಗಿರಬೇಕಾದುದರಿಂದ ಹೆಚ್ಚು ವಿದ್ಯುತ್ತನ್ನು ಬಯಸುತ್ತವೆ.

ಇದರ ಉಪಯೋಗ ಕಾಲ್ಪನಿಕವಲ್ಲ. 2002ರಲ್ಲಿ ಅಮೆರಿಕದ ಮೇನ್ ರಾಜ್ಯದ ಗ್ರೇಟ್ ಡಕ್ ದ್ವೀಪದಲ್ಲಿ, ಬಿಲಗಳಲ್ಲಿ ಗೂಡು ಮಾಡುವ ಸ್ಟಾರ್ಮ್ ಪೆಟ್ರೆಲ್ ಎಂಬ ಕಡಲಹಕ್ಕಿಗಳಿಗೆ ತೊಂದರೆಯಾಗದಂತೆ ಅಧ್ಯಯನ ನಡೆಸಲು 32 ಉಪಕರಣಗಳನ್ನು ಇರಿಸಲಾಯಿತು. ಅದೇ ದಶಕದಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಪಾವಗಡ ತಾಲೂಕಿನ ಚೆನ್ನಕೇಶವಪುರದ ಮಳೆಯಾಶ್ರಿತ ಹೊಲಗಳಲ್ಲಿ ಮಣ್ಣಿನ ತೇವವನ್ನು ಇದೇ ಬಗೆಯಲ್ಲಿ ಅಳೆದರು.

ಹಾಗಾದರೆ ತೊಡಕು ಎಲ್ಲಿದೆ? 2003ರಲ್ಲಿ ಐಇಇಇ ಸಂಸ್ಥೆ 802.15.4 ಎಂಬ ಮಾನಕವನ್ನು ಪ್ರಕಟಿಸಿತು. ರೇಡಿಯೋ ಅಲೆಯಲ್ಲಿ ಸಂದೇಶದ ಚಿಕ್ಕ ಕಟ್ಟುಗಳನ್ನು ಕಳುಹಿಸುವ ಕ್ರಮವನ್ನಷ್ಟೇ ಅದು ವಿಧಿಸುತ್ತದೆ, ಸಂದೇಶದ ಅರ್ಥವನ್ನಲ್ಲ. ಅದರ ಮೇಲೆ 2004ರಲ್ಲಿ ಜಿಗ್‌ಬೀ ಬಂದಿತು, ಮುಂದೆ ಥ್ರೆಡ್ ಬಂದಿತು. ಕನ್ನಡ ಲಿಪಿಯಲ್ಲಿ ತುಳು, ಕೊಂಕಣಿ, ಕೊಡವ ಭಾಷೆಗಳನ್ನೂ ಬರೆಯುತ್ತೇವೆ. ಅಕ್ಷರ ಓದಬಲ್ಲವನಿಗೆ ಭಾಷೆ ತಿಳಿಯಬೇಕೆಂದಿಲ್ಲ. ಇಲ್ಲಿಯೂ ಹಾಗೆಯೇ. ರೇಡಿಯೋ ಒಂದೇ ಆದರೂ ಮಾತು ಬೇರೆ. ನಮ್ಮ ಸಂವೇದಕಗಳಲ್ಲಿಯೂ ಮೇಲಿನ ಪದರ ತಯಾರಕರ ಗುಟ್ಟಾಗಿತ್ತು.

2010ರಲ್ಲಿ ಬ್ಲೂಟೂತ್ 4.0 ತನ್ನದೇ ಅಲ್ಪಶಕ್ತಿಯ ವಿಧಾನವನ್ನು ತಂದು ಮೊಬೈಲ್ ಫೋನುಗಳೊಳಗೆ ನೆಲೆಸಿತು. ಈ ಒಡಕನ್ನು ಮುಚ್ಚಲು 2022ರಲ್ಲಿ ಮ್ಯಾಟರ್ ಎಂಬ ಸಾಮಾನ್ಯ ಭಾಷೆ ರೂಪುಗೊಂಡಿತು. ಆದರೆ ಅದು ಮುಖ್ಯವಾಗಿ ಮನೆಯ ದೀಪ, ಬೀಗಗಳನ್ನು ಗಮನದಲ್ಲಿರಿಸಿಕೊಂಡದ್ದು, ತೋಟವನ್ನಲ್ಲ.

2005ರಲ್ಲಿ ನಮ್ಮ ದೇಶ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು ಪರವಾನಗಿಯಿಂದ ಮುಕ್ತಗೊಳಿಸಿತು. ಅದು ಊರಿನ ಗೋಮಾಳವಿದ್ದಂತೆ, ಎಲ್ಲರಿಗೂ ಸೇರಿದ್ದು. ಗೋಮಾಳದಲ್ಲಿ ನಿಂತು ಗುಟ್ಟಿನ ಭಾಷೆಯಾಡುವ ಉಪಕರಣವನ್ನು ಕೊಂಡರೆ, ನಮ್ಮ ಮಣ್ಣಿನ ಸುದ್ದಿ ನಮಗೇ ಸಿಗದೆ ಹೋದೀತು. ಕೊನೆಗೆ ಉಳಿಯುವುದು ಬೇರುಗಳ ನಡುವೆ ಒಂದಿಷ್ಟು ಪ್ಲಾಸ್ಟಿಕ್ ಮತ್ತು ಬ್ಯಾಟರಿ.

ಆದುದರಿಂದ ಸಂಘದ ಹಣದಿಂದಾಗಲಿ, ಸಹಾಯಧನದಿಂದಾಗಲಿ ಕೊಳ್ಳುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ಸಂದೇಶದ ವಿನ್ಯಾಸ ಬಹಿರಂಗವಾಗಿದೆಯೇ? ಬೇರೆಯವರ ಪೆಟ್ಟಿಗೆ ಇದನ್ನು ಓದಬಲ್ಲದೇ? ಅಳತೆಗಳು ನಮ್ಮಲ್ಲಿಯೇ ಉಳಿಯುತ್ತವೆಯೇ? ಬ್ಯಾಟರಿಯನ್ನು ನಾವೇ ಬದಲಿಸಬಹುದೇ, ಹಳೆಯದನ್ನು ಹಿಂದಕ್ಕೆ ಪಡೆಯುವವರು ಯಾರು? ಉತ್ತರವನ್ನು ಬರಹದಲ್ಲಿ ಪಡೆಯಿರಿ. ನಾನು ಕೇಳಿರಲಿಲ್ಲ; ಆ ನಾಲ್ಕು ಸಂವೇದಕಗಳನ್ನು ಅಗೆದು ತೆಗೆದದ್ದು ನನ್ನ ಕೈಯೇ.