ಮೆಚ್ಚಿದ ಹಾಡು, ಮುಖ ಕಾಣದ ಗೆಳೆಯರು



ಒಳ್ಳೆಯ ಹಾಡೊಂದನ್ನು ಕೇಳಿದವರಿಗೆ ಅದನ್ನು ಇನ್ನೊಬ್ಬರಿಗೆ ಕೇಳಿಸುವ ತನಕ ಸಮಾಧಾನವಿರುವುದಿಲ್ಲ. ಪುಸ್ತಕದ ಮಾತೂ ಅಷ್ಟೇ. ಹೀಗೆ ಹಂಚಿಕೊಳ್ಳಲು ಪಕ್ಕದ ಮನೆಯವರೇ ಆಗಬೇಕೆಂದಿಲ್ಲ. ಮುಖ ಕಾಣದವರ ನಡುವೆಯೂ ಅಭಿರುಚಿಯ ನೆಂಟಸ್ತನ ಬೆಳೆಯುತ್ತದೆ. ಇದು ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ ಹವ್ಯಾಸವೇನೂ ಅಲ್ಲ.

1952ರಲ್ಲಿ ಬಿ. ವಿ. ಕೇಸ್ಕರ್ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದರು. ಚಿತ್ರಗೀತೆ ಜನರ ಅಭಿರುಚಿಯನ್ನು ಕೆಡಿಸುತ್ತದೆ ಎಂಬುದು ಅವರ ನಿಲುವು. ಆಕಾಶವಾಣಿಯಲ್ಲಿ ಚಿತ್ರಗೀತೆ ಅಪರೂಪವಾಯಿತು. ಕೇಳುಗರು ರೇಡಿಯೋದ ಮುಳ್ಳನ್ನು ಸಿಲೋನಿನ ಕಡೆಗೆ ತಿರುಗಿಸಿದರು. ಅಮೀನ್ ಸಯಾನಿಯವರ ಬಿನಾಕಾ ಗೀತ್‌ಮಾಲಾ ಅಲ್ಲಿ ಅದೇ ವರ್ಷ ಆರಂಭವಾಯಿತು. 1957ರಲ್ಲಿ ಆಕಾಶವಾಣಿಯೇ ವಿವಿಧ ಭಾರತಿಯನ್ನು ಶುರುಮಾಡಿತು.

ಈ ಕೇಂದ್ರಗಳ ಕೋರಿಕೆ ಕಾರ್ಯಕ್ರಮಗಳಿಗೆ ಅಂಚೆ ಕಾರ್ಡುಗಳು ರಾಶಿ ರಾಶಿಯಾಗಿ ಬಂದವು. ಈಗಿನ ಜಾರ್ಖಂಡಿನಲ್ಲಿರುವ ಝುಮ್ರಿ ತಿಲೈಯಾ ಎಂಬ ಅಭ್ರಕದ ಊರು ದೇಶಕ್ಕೆಲ್ಲ ಪರಿಚಿತವಾದದ್ದು ಇಂಥ ಕೋರಿಕೆಗಳಿಂದಲೇ. ಜನಪ್ರಿಯ ಹಾಡು ಯಾರೂ ಕೇಳದಿದ್ದರೂ ಇಂದಲ್ಲ ನಾಳೆ ಪ್ರಸಾರವಾಗುತ್ತಿತ್ತು. ಆದರೂ ಜನ ಕಾರ್ಡು ಬರೆದರು. ಹಾಡಿನ ಜೊತೆ ತಮ್ಮ ಹೆಸರು, ತಮ್ಮ ಊರು ಎಲ್ಲರ ಕಿವಿಗೂ ಬೀಳಲಿ ಎಂಬುದೇ ಅದರ ಒಳಗಿನ ಆಸೆ.

ಅಂತರ್ಜಾಲ ಈ ಆಸೆಗೆ ಬೇರೊಂದು ಅಂಗಳ ಒದಗಿಸಿತು. ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ಎಂಬ ಅಮೆರಿಕದ ತರುಣ 1999ರಲ್ಲಿ ಲೈವ್‌ಜರ್ನಲ್ ಎಂಬ ತಾಣವನ್ನು ಆರಂಭಿಸಿದ. ಗೆಳೆಯರು ಓದಲೆಂದು ಬರೆಯುವ ದಿನಚರಿಯ ತಾಣ ಅದು. ಪ್ರತಿ ಬರಹದ ಜೊತೆ ಎರಡು ಪುಟ್ಟ ವಿವರಗಳನ್ನು ತುಂಬಲು ಅವಕಾಶವಿತ್ತು: ಈ ಹೊತ್ತಿನ ಮನಸ್ಥಿತಿ ಯಾವುದು, ಈ ಹೊತ್ತು ಕೇಳುತ್ತಿರುವ ಹಾಡು ಯಾವುದು. ರೇಡಿಯೋದಲ್ಲಿ ಹೆಸರು ಮಾತ್ರ ಕೇಳಿಸುತ್ತಿತ್ತು. ಇಲ್ಲಿ ಹಾಡು ಏಕೆ ಮೆಚ್ಚುಗೆಯಾಯಿತು ಎಂಬುದೂ ತಿಳಿಯುತ್ತಿತ್ತು, ಓದಿದವರು ಉತ್ತರಿಸಲೂ ಬಹುದಿತ್ತು.

2004ರ ಜನವರಿಯಲ್ಲಿ ಬಂದ ಗೂಗಲ್ ಸಂಸ್ಥೆಯ ಆರ್ಕುಟ್ ಭಾರತ ಮತ್ತು ಬ್ರೆಜಿಲ್ ದೇಶಗಳಲ್ಲಿ ಮನೆಮಾತಾಯಿತು. ಮೆಚ್ಚಿನ ಸಂಗೀತ, ಮೆಚ್ಚಿನ ಪುಸ್ತಕ ಯಾವುವು ಎಂದು ಅದು ತನ್ನ ಸದಸ್ಯರನ್ನು ಕೇಳುತ್ತಿತ್ತು. ಒಬ್ಬರ ಪುಟದಲ್ಲಿ ಇನ್ನೊಬ್ಬರು ಬರೆದುಹೋಗುವ ನಾಲ್ಕು ಸಾಲಿನ ‘ಸ್ಕ್ರಾಪ್’ ಅಂದಿನ ವಿದ್ಯಾರ್ಥಿಗಳಿಗೆ ಕಾಗದ ಬರೆದಷ್ಟೇ ಸಹಜವಾಗಿತ್ತು.

ತೊಡಕು ಇರುವುದು ಇಲ್ಲಿಯೇ. ಈ ಅಂಗಳಗಳೆಲ್ಲ ಬೇರೆಯವರ ಮನೆಯವು. ಲೈವ್‌ಜರ್ನಲ್ 2007ರಲ್ಲಿ ರಷ್ಯಾದ ಕಂಪೆನಿಯೊಂದರ ಪಾಲಾಯಿತು. ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಸಂಗೀತಗಾರರ ಅಚ್ಚುಮೆಚ್ಚಿನ ತಾಣವಾಗಿದ್ದ ಮೈಸ್ಪೇಸ್‌ನ ಕಥೆ ಇನ್ನೂ ದಾರುಣ. ಕಡತಗಳನ್ನು ಹೊಸ ಕಂಪ್ಯೂಟರ್‌ಗಳಿಗೆ ಸಾಗಿಸುವಾಗ ಹಳೆಯ ಹಾಡುಗಳು ನಾಶವಾದವು ಎಂದು 2019ರಲ್ಲಿ ಅದು ಒಪ್ಪಿಕೊಂಡಿತು. ಹೋದದ್ದು ಸುಮಾರು 5 ಕೋಟಿ ಹಾಡುಗಳೆಂಬುದು ಅಂದಿನ ಅಂದಾಜು. ಸಂಶೋಧಕರ ತಂಡವೊಂದು ತನ್ನ ಅಧ್ಯಯನಕ್ಕಾಗಿ 2008-10ರ ನಡುವೆ ಇಳಿಸಿಕೊಂಡಿದ್ದ ಸುಮಾರು 4.9 ಲಕ್ಷ ಹಾಡುಗಳು ಮಾತ್ರ ಆಮೇಲೆ ಇಂಟರ್ನೆಟ್ ಆರ್ಕೈವ್ ಸೇರಿದವು. ಅಂದರೆ ನೂರಕ್ಕೆ ಒಂದು.

ಹೋದರೆ ಹೋಗಲಿ, ಹಾಡು ಬೇರೆಲ್ಲಾದರೂ ಸಿಕ್ಕೀತು ಎನ್ನಬಹುದು. ಹೆಸರಾಂತ ಗಾಯಕರ ಹಾಡು ಸಿಗುತ್ತದೆ, ನಿಜ. ಆದರೆ ಹೆಸರಿಲ್ಲದ ಹುಡುಗರು ಮನೆಯಲ್ಲೇ ಧ್ವನಿಮುದ್ರಿಸಿ ಅಲ್ಲಿಟ್ಟ ಹಾಡಿಗೆ ಎರಡನೆಯ ಪ್ರತಿ ಇಲ್ಲದೇ ಇರಬಹುದು. ‘ಇಂದು ಮಳೆ, ಮನಸ್ಸು ಸರಿಯಿಲ್ಲ, ಈ ಹಾಡು ಕೇಳು’ ಎಂದು ಗೆಳೆಯರೊಬ್ಬರು ಬರೆದ ಸಾಲಂತೂ ಯಾವ ಅಂಗಡಿಯಲ್ಲೂ ದೊರೆಯುವುದಿಲ್ಲ. ಹಾಡು ಗಾಯಕನದು, ಆದರೆ ಆ ಸಾಲು ಗೆಳೆತನದ್ದು. ಒಂದು ಕಾಲದ ಸಾಮಾನ್ಯ ಜನ ಏನು ಓದಿದರು, ಏನು ಕೇಳಿದರು, ಏಕೆ ಮೆಚ್ಚಿದರು ಎಂದು ಮುಂದೆ ಇತಿಹಾಸ ಬರೆಯುವವರಿಗೆ ಹೇಳಬೇಕಾದದ್ದೂ ಅಂಥ ಸಾಲುಗಳೇ.

ಅಂಚೆಯಲ್ಲಿ ಬಂದ ಕಾಗದ, ಪಡೆದವರ ಪೆಟ್ಟಿಗೆಯಲ್ಲಿ ಉಳಿಯುತ್ತಿತ್ತು. ಅಂಚೆ ಕಚೇರಿ ಮುಚ್ಚಿದರೂ ಅದಕ್ಕೆ ಧಕ್ಕೆಯಿರಲಿಲ್ಲ. ಇಂದು ಅಂಚೆಯವನೂ ಪೆಟ್ಟಿಗೆಯೂ ಒಂದೇ ಕಂಪೆನಿ. ಹಾಗೆಂದು ಹಂಚಿಕೊಳ್ಳುವುದನ್ನು ನಿಲ್ಲಿಸಬೇಕಾಗಿಲ್ಲ. ಮನಸ್ಸಿಗೆ ಹತ್ತಿರವಾದ ಬರಹಗಳ ಒಂದು ಪ್ರತಿಯನ್ನು ಆಗಾಗ ಸ್ವಂತ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಅಥವಾ ಕಾಗದದ ಮೇಲೆ ಅಚ್ಚು ತೆಗೆದಿಡುವುದು ಕಷ್ಟದ ಕೆಲಸವಲ್ಲ. ಮೈಸ್ಪೇಸ್‌ನ ನೂರಕ್ಕೆ ಒಂದು ಹಾಡು ಉಳಿದದ್ದು ಯಾರೋ ಅದನ್ನು ಮೊದಲೇ ಪ್ರತಿ ಮಾಡಿಕೊಂಡಿದ್ದರಿಂದ ಎಂಬುದನ್ನು ಮರೆಯಬಾರದು.