ಕಾಣದ ಗೆಳೆಯನು: ಒಂದು ಪ್ರಹಸನದ ವಿಚಾರ



ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಕಡೆಗಳಿಂದ ಬಂದು ನೆರೆದಿರುವ ತಮ್ಮ ಮುಂದೆ ಅಮೆರಿಕಾ ದೇಶದ ಪ್ರಹಸನವೊಂದನ್ನು ಕುರಿತು ಮಾತನಾಡುವುದು, ಪಾಠಶಾಲೆಯ ವ್ಯಾಸಂಗವನ್ನೇ ನೆಚ್ಚಿಕೊಂಡ ನನ್ನಂಥವನಿಗೆ ಸಾಹಸವೆಂದು ತೋರಬಹುದು. ಆಂಗ್ಲಭಾಷೆಯನ್ನು ಬಲ್ಲ ಅಧ್ಯಾಪಕರೊಬ್ಬರಿಂದ ಅಂಕ ಅಂಕವಾಗಿ ಅರ್ಥ ಹೇಳಿಸಿಕೊಂಡು ಕೇಳಿದೆನು. ಕೇಳುತ್ತ ಹೋದಂತೆ ಇದು ನಮಗೆ ತೀರ ಪರಕೀಯವಾದ ವಸ್ತುವಲ್ಲವೆಂದು ದೃಢವಾಯಿತು.

ನಾಟಕದ ಹೆಸರು ‘ಹಾರ್ವೆ’. ಬರೆದವರು ಡೆನ್ವರ್ ನಗರದ ಮೇರಿ ಚೇಸ್ ಎಂಬ ಮಹಿಳೆ. 1944ನೆಯ ಇಸವಿ ನವೆಂಬರ್ 1ರಂದು ನ್ಯೂಯಾರ್ಕಿನಲ್ಲಿ ರಂಗವನ್ನೇರಿದ ಈ ಕೃತಿಯು 1,775 ಪ್ರಯೋಗಗಳನ್ನು ಕಂಡಿತು. 1945ರಲ್ಲಿ ಪುಲಿಟ್ಜರ್ ಪಾರಿತೋಷಕವನ್ನೂ ಪಡೆಯಿತು. ಜಗತ್ತು ಮಹಾಯುದ್ಧದಿಂದ ಬೆಂದಿದ್ದ ಕಾಲವದು. ಜನರು ನಗುವಿಗಾಗಿ ಹಾತೊರೆದುದರಲ್ಲಿ ಆಶ್ಚರ್ಯವಿಲ್ಲ.

ಕಥೆ ಸರಳವಾದುದು. ಎಲ್ವುಡ್ ಡೌಡ್ ಎಂಬ ಸಾಧುಸ್ವಭಾವದ ಗೃಹಸ್ಥನಿಗೆ ಆರಡಿಗೂ ಮೀರಿದ ಎತ್ತರದ ಬಿಳಿಯ ಮೊಲವೊಂದು ಗೆಳೆಯ. ಅನ್ಯರಿಗೆ ಅದು ಕಾಣದು. ಆತನಾದರೋ ಬಾಗಿಲು ತೆರೆದು ಅದನ್ನು ಮುಂದೆ ಬಿಡುತ್ತಾನೆ, ಆಸನ ತೋರಿಸುತ್ತಾನೆ, ಬಂದವರಿಗೆಲ್ಲ ಪರಿಚಯ ಮಾಡಿಕೊಡುತ್ತಾನೆ. ಮಗಳ ವಿವಾಹಕ್ಕೆ ಇದರಿಂದ ಅಡ್ಡಿಯಾಗುವುದೆಂದು ಬೆದರಿದ ಅಕ್ಕ ವೀಟಾ ಅವನನ್ನು ಹುಚ್ಚರ ಆಸ್ಪತ್ರೆಗೆ ಒಯ್ಯುತ್ತಾಳೆ. ಅಲ್ಲಿ ತನ್ನ ಕಷ್ಟವನ್ನು ಹೇಳಿಕೊಳ್ಳುತ್ತ, ಒಮ್ಮೊಮ್ಮೆ ತನಗೂ ಆ ಮೊಲ ಕಂಡುದುಂಟೆಂದು ಬಾಯಿಬಿಡುತ್ತಾಳೆ. ವೈದ್ಯರು ಅವಳನ್ನೇ ರೋಗಿಯೆಂದು ಬಗೆದು ಒಳಗಿರಿಸಿಕೊಳ್ಳುತ್ತಾರೆ!

ನಮ್ಮ ಲಾಕ್ಷಣಿಕರು ಆಕಾಶಭಾಷಿತವೆಂಬ ಒಂದು ನಾಟ್ಯಕ್ರಮವನ್ನು ಹೇಳಿರುವರು. ರಂಗದ ಮೇಲಿಲ್ಲದವನೊಡನೆ ಪಾತ್ರವು ಮಾತನಾಡುವುದು, ‘ಏನೆಂದಿರಿ?’ ಎಂದು ಕೇಳಿ, ಆ ಉತ್ತರವನ್ನು ತಾನೇ ನುಡಿಯುವುದು. ಭಾಣವೆಂಬ ರೂಪಕವು ಪೂರ್ತಿಯಾಗಿ ಇದರ ಮೇಲೆಯೇ ನಿಂತಿದೆ. ಒಬ್ಬನೇ ವಿಟನು ಬೀದಿಯಲ್ಲಿ ನಡೆಯುತ್ತ ಕಾಣದ ಹತ್ತಾರು ಜನರೊಡನೆ ಸಂಭಾಷಿಸುತ್ತಾನೆ. ಅವನನ್ನು ಯಾವ ಪ್ರೇಕ್ಷಕನೂ ಹುಚ್ಚನೆನ್ನನು; ಅಲ್ಲಿ ಜನರಿರುವರೆಂದು ಸಭೆಯೆಲ್ಲವೂ ಒಪ್ಪಿಕೊಂಡಿರುತ್ತದೆ. ಮೇರಿ ಚೇಸ್ ಮಾಡಿದ ಚಮತ್ಕಾರ ಇಷ್ಟೆ: ಸಭೆ ಮಾಡಿಕೊಳ್ಳುವ ಆ ಒಪ್ಪಂದವನ್ನು ಎಲ್ವುಡ್ಡನೊಬ್ಬನಿಗೆ ಕೊಟ್ಟು, ಉಳಿದ ಪಾತ್ರಗಳಿಂದ ಕಸಿದುಕೊಂಡಳು.

ತಾಳಮದ್ದಳೆಯನ್ನು ಕೇಳಿ ಬೆಳೆದ ತಮಗೆ ಇದನ್ನು ವಿಸ್ತರಿಸಬೇಕಾಗಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಪರದೆಯಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಕುಳಿತಲ್ಲಿಂದಲೇ ವಾಲಿಯಾಗಿ ಅರ್ಥ ಹೇಳಿದರೆ ಕಿಷ್ಕಿಂಧೆಯ ಕಾಡು ಕೇಳುವವರ ಕಣ್ಣಿಗೆ ಕಟ್ಟುತ್ತಿತ್ತು. ತುಳುನಾಡಿನ ಗುತ್ತಿನ ಮನೆಗಳಲ್ಲಿ ದೈವಕ್ಕೆಂದು ತೂಗುಹಾಕಿದ ಮಂಚವಿರುವುದು. ಮನೆಯವರು ಅದರ ಮೇಲೆ ಕೂರರು. ಅದು ಬರಿದಾಗಿದೆಯೆಂದು ಹೇಳುವ ಧೈರ್ಯ ಯಾರಿಗುಂಟು? ನಾಟಕದ ಮೊಲವೂ ಐರಿಷ್ ಜನಪದದ ‘ಪೂಕಾ’ ಎಂಬ ಕುಚೇಷ್ಟೆಯ ಭೂತಜಾತಿಗೆ ಸೇರಿದುದೇ. ಆದರೆ ಒಂದು ಭೇದವನ್ನು ಮರೆಯಲಾಗದು. ದೈವವು ಇಡೀ ಊರಿನದು. ಅದಕ್ಕೆ ಕಟ್ಟುಕಟ್ಟಳೆಯುಂಟು, ಕಾಲನಿಯಮವುಂಟು. ಎಲ್ವುಡ್ಡನ ಪೂಕಾ ಅವನೊಬ್ಬನದು. ಹತ್ತು ಜನರು ಕಂಡರೆ ಸಂಪ್ರದಾಯ, ಒಬ್ಬನು ಕಂಡರೆ ಉನ್ಮಾದವೆಂಬ ಈ ಲೆಕ್ಕವು ಎಷ್ಟರಮಟ್ಟಿಗೆ ನ್ಯಾಯ?

ಉನ್ಮತ್ತನನ್ನು ರಂಗಕ್ಕೆ ತರುವುದೂ ಹೊಸದಲ್ಲ. ಏಳನೆಯ ಶತಮಾನದ ಪಲ್ಲವರಾಜ ಮಹೇಂದ್ರವರ್ಮನ ‘ಮತ್ತವಿಲಾಸ’ದಲ್ಲಿ ಕಾಪಾಲಿಕನ ಕಪಾಲಪಾತ್ರೆ ಕಳೆದುಹೋಗುತ್ತದೆ; ಅವನು ಬೌದ್ಧಭಿಕ್ಷುವಿನ ಮೇಲೆ ಕಳವನ್ನು ಹೊರಿಸಿ ವಾದಕ್ಕಿಳಿಯುತ್ತಾನೆ. ಪಾತ್ರೆಯನ್ನು ನಾಯಿಯಿಂದ ಬಿಡಿಸಿ ತಂದಿದ್ದವನು ಹುಚ್ಚನೊಬ್ಬನು. ಮತಮತಗಳವರು ತರ್ಕಿಸಿ ಕಾಣದುದು ಹುಚ್ಚನ ಕೈಯಲ್ಲಿದ್ದಿತು. ಮಠದಲ್ಲಿರುವ ನಾವು ಇದನ್ನು ಓದಿ ನಗುವಾಗ ಸ್ವಲ್ಪ ಎಚ್ಚರದಿಂದ ನಗಬೇಕು.

ಹೀಗೆಂದು ಈ ನಾಟಕವನ್ನು ಹಿಡಿದು ಚಿಕಿತ್ಸೆಯನ್ನೇ ಹಳಿಯುವವರೊಡನೆ ನಾನು ಸೇರಲಾರೆನು. ಕಾಣದ ಧ್ವನಿಗಳು ಬೈಯುವುದನ್ನೂ ಬೆದರಿಸುವುದನ್ನೂ ಕೇಳಿ ನಿದ್ರೆಗೆಟ್ಟವನಿಗೆ ಹಾರ್ವೆಯಂಥ ಸೌಮ್ಯನಾದ ಸಂಗಡಿಗನಿರುವುದಿಲ್ಲ. ಅಂಥವನನ್ನು ವೈದ್ಯರಲ್ಲಿಗೆ ಕರೆದೊಯ್ಯದೆ ಮನೆಯ ಮಾನಕ್ಕಂಜಿ ಮುಚ್ಚಿಡುವುದು ಕ್ರೌರ್ಯ. ಎಲ್ವುಡ್ಡನ ಮದ್ಯಪಾನವನ್ನು ಕವಯಿತ್ರಿಯು ಹಗುರವಾಗಿ ನಗಿಸಿ ಬಿಟ್ಟಿರುವುದೂ ನನಗೆ ಒಪ್ಪಿಗೆಯಾಗಲಿಲ್ಲ. ಆಕೆಯ ಪ್ರಶ್ನೆಯಾದರೋ ಬೇರೆ. ಯಾರಿಗೂ ಕೇಡು ಬಗೆಯದ ಒಬ್ಬನನ್ನು ತಿದ್ದಬೇಕೆನ್ನುವವರು ಅವನ ಸಲುವಾಗಿ ತಿದ್ದುವರೋ, ತಮ್ಮ ಸಲುವಾಗಿಯೋ?

ಕಡೆಯ ಅಂಕದಲ್ಲಿ ಈ ಪ್ರಶ್ನೆಗೆ ಉತ್ತರ ಕೊಡುವವನು ಪಂಡಿತನಲ್ಲ, ಬಾಡಿಗೆಯ ಮೋಟಾರು ನಡೆಸುವವನು. ಮೊಲವು ಕಾಣದಂತೆ ಮಾಡುವ ಸೂಜಿಮದ್ದು ಸಿದ್ಧವಾಗಿದೆ. ಬಾಡಿಗೆ ಕೊಡಲು ವೀಟಾಳಿಗೆ ತನ್ನ ಹಣದ ಚೀಲವೇ ಸಿಕ್ಕದು; ತಮ್ಮನನ್ನು ಹೊರಗೆ ಕರೆಯಬೇಕಾಗುತ್ತದೆ. ಆತನು ಹಣ ಕೊಟ್ಟು ಚಾಲಕನನ್ನು ಮನೆಗೂ ಆಹ್ವಾನಿಸುತ್ತಾನೆ. ಆಗ ಚಾಲಕನು ಹೇಳುತ್ತಾನೆ: ಇಲ್ಲಿಗೆ ಬರುವಾಗ ಜನರು ಹಕ್ಕಿಗಳನ್ನು ನೋಡುತ್ತ ನಲಿಯುತ್ತ ಬರುವರು, ಮದ್ದು ಪಡೆದು ಹಿಂದಿರುಗುವಾಗ ಸಿಡಿಮಿಡಿಗೊಂಡು ಬೈಯುವರು. ವೀಟಾ ಓಡಿಹೋಗಿ ಮದ್ದನ್ನು ತಡೆಯುತ್ತಾಳೆ. ಅಷ್ಟಾದ ಮೇಲೆ ಆ ಹಣದ ಚೀಲ ಅವಳ ಕೈಗೆ ಸಿಕ್ಕುತ್ತದೆ.

ಅದನ್ನು ಅಷ್ಟು ಹೊತ್ತು ಅಡಗಿಸಿಟ್ಟವರು ಯಾರೆಂಬುದನ್ನು ಮೇರಿ ಚೇಸ್ ಹೇಳಲಿಲ್ಲ. ಈ ನಾಟಕವನ್ನು ಆಡಬೇಕೆಂದಿರುವ ವಿದ್ಯಾರ್ಥಿಗಳು ಮೊಲದ ವೇಷವನ್ನು ಹೊಲಿಸುವ ಯೋಚನೆಯನ್ನು ಬಿಟ್ಟು, ಗಟ್ಟಿಯಾದ ಒಂದು ಕುರ್ಚಿಯನ್ನು ಮಾತ್ರ ಒದಗಿಸಿಕೊಳ್ಳಲಿ.